ಹುಣಸೆಹಣ್ಣಿನಲ್ಲಿ ತೊಳೆದ ಸಾಲಿಗ್ರಾಮ

ಕುಣಿಗಲ್‌ನ ವರದಿಗಾರ ಆ ಸಂಜೆ ಕಳಿಸಿದ್ದ ಸುದ್ದಿಯಲ್ಲಿ ಹೊಸದೇನೂ ಇರಲಿಲ್ಲ. ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಅಪರೂಪದ ಸಾಲಿಗ್ರಾಮವಿದೆ, ಅವರ ತಂದೆ ಕಾಶಿಯಾತ್ರೆಗೆ ಹೋದವರು ನೇಪಾಳದ ಗಂಡಕಿ ನದಿಯವರೆಗೂ ಹೋಗಿ ಅದನ್ನು ತಂದಿದ್ದರು, ದರ್ಶನಕ್ಕೆ ಜನ ಬರುತ್ತಿದ್ದಾರೆ. ತುಮಕೂರಿನ ನಮ್ಮ ಜಿಲ್ಲಾ ಡೆಸ್ಕಿಗೆ ಇಂಥವು ಆಗಾಗ ಬರುತ್ತವೆ. ಬೇವಿನ ಮರದಲ್ಲಿ ಹಾಲು, ಬದನೆಕಾಯಿಯಲ್ಲಿ ಗಣೇಶ. ನಾಲ್ಕು ಸಾಲಿಗೆ ಇಳಿಸಿ, ಫೋಟೊ ಚೆನ್ನಾಗಿದ್ದರೆ ಪುಟದ ಮೂಲೆಗೆ ಹಾಕಿ, ಮುಂದಿನ ಸುದ್ದಿಗೆ ಹೋಗುತ್ತೇವೆ.

ಫೋಟೊ ಚೆನ್ನಾಗಿತ್ತು. ಹಿತ್ತಾಳೆಯ ಪೀಠ, ಅದರ ಮೇಲೊಂದು ಬಳೆ, ಬಳೆಯೊಳಗೆ ಕಪ್ಪಗೆ ಮಿನುಗುವ ಸುರುಳಿ ಕಲ್ಲು. ಮೂಲೆಗೆ ಹೊಂದುವ ಹಾಗೆ ಕತ್ತರಿಸಲೆಂದು ಚಿತ್ರವನ್ನು ದೊಡ್ಡದು ಮಾಡಿದೆ. ಸುರುಳಿಯ ಮೇಲೆ ಚಕ್ಕುಲಿಯ ಗೆರೆಗಳ ಹಾಗೆ ಸಾಲಾಗಿ ಏಣುಗಳಿದ್ದವು. ಅವುಗಳಲ್ಲಿ ಒಂದು ಕಡೆ, ಬಾಯಿಯ ಹತ್ತಿರ, ಏಣು ಮುರಿದು ಸೊಟ್ಟಗೆ ಮತ್ತೆ ಕೂಡಿಕೊಂಡಿತ್ತು. ಅಂಚಿನಲ್ಲಿ ಅರದಿಂದ ತೀಡಿದ ಒಂದು ಸಣ್ಣ ಕಚ್ಚು.

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ನೀರು ಕುಡಿದು ಬಂದೆ. ಆಮೇಲೆ ಆ ಸುದ್ದಿಯನ್ನು ಅಂದಿನ ಪುಟದಿಂದ ತೆಗೆದೆ. ಪಕ್ಕದ ಸೀಟಿನವನು ಯಾಕೆಂದು ಕೇಳಿದ. ಪರಿಶೀಲನೆ ಬಾಕಿ ಇದೆ ಎಂದೆ. ಸುಳ್ಳಲ್ಲ.

ಆ ಸೊಟ್ಟ ಏಣನ್ನು ನಾನು ನನ್ನ ಬೆರಳಿನಿಂದ ಮುಟ್ಟಿದ್ದೆ. ಆ ಕಚ್ಚನ್ನು ಹಾಕಿದವಳು ನನ್ನ ಅಕ್ಕ.

ಅಕ್ಕ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದಳು. ನಮ್ಮ ತಂದೆಗೆ ಗುಬ್ಬಿಯ ಹತ್ತಿರ ತೆಂಗಿನ ತೋಟವಿತ್ತು, ಕಡಬದ ಕೆರೆಯ ಕೆಳಗೆ ಒಂದಿಷ್ಟು ರಾಗಿ ಹೊಲವಿತ್ತು. ಹೊಲದಲ್ಲಿ ಕಲ್ಲು ಕಂಡರೆ ಆರಿಸಿ ಬದುವಿಗೆ ಎಸೆಯುವುದು ನಮ್ಮ ಮನೆಯ ಪದ್ಧತಿ. ಎಸೆಯುವ ಮೊದಲು ತಿರುಗಿಸಿ ನೋಡುತ್ತಿದ್ದವಳು ಅವಳೊಬ್ಬಳೇ. ನಮ್ಮ ಜಿಲ್ಲೆಯ ಬಂಡೆಗಳು ಬಹಳ ಹಳೆಯವು. ಚಿಪ್ಪಿರುವ ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನವು. ದೇವರಾಯನದುರ್ಗವನ್ನು ಪೂರ್ತಿ ಪುಡಿ ಮಾಡಿದರೂ ಒಂದು ಚಿಪ್ಪು ಸಿಗುವುದಿಲ್ಲ. ಹಾಗಾಗಿ ಅವಳು ರಜೆ ಬಂದಾಗಲೆಲ್ಲ ತಮಿಳುನಾಡಿನ ಅರಿಯಲೂರಿಗೆ ಹೋಗುತ್ತಿದ್ದಳು. ಅಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಅದರ ತಳದ ಕೆಸರು ಪದರ ಪದರವಾಗಿ ಸುಣ್ಣಕಲ್ಲಾಗಿ ನಿಂತಿದೆ. ಆ ಪದರಗಳಲ್ಲಿ ಅಮ್ಮೊನೈಟ್‌ಗಳಿವೆ.

ಅಮ್ಮೊನೈಟ್ ಎಂದರೆ ಸುರುಳಿ ಚಿಪ್ಪಿನೊಳಗೆ ಬದುಕುತ್ತಿದ್ದ ಸಮುದ್ರದ ಪ್ರಾಣಿ. ಆಕಾಶದಿಂದ ದೊಡ್ಡ ಬಂಡೆಯೊಂದು ಅಪ್ಪಳಿಸಿ ಡೈನೊಸಾರ್‌ಗಳು ಹೋದ ಕಾಲಕ್ಕೇ ಅವೂ ಹೋದವು. ಉಳಿದದ್ದು ಕಲ್ಲಾದ ಚಿಪ್ಪು. ಗಂಡಕಿಯ ಸಾಲಿಗ್ರಾಮದೊಳಗೆ ಕಾಣುವ ಚಕ್ರವೂ ಅದೇ ಕುಲದ್ದು. ಅಲ್ಲಿಯದು ಕಪ್ಪು ಗಟ್ಟಿಕಲ್ಲು, ಅಕ್ಕನವು ಬೂದು ಬಣ್ಣದ ಸುಣ್ಣಕಲ್ಲು. ವ್ಯತ್ಯಾಸ ಅಷ್ಟೇ. ಆದರೆ ಈ ಕಥೆಗೆ ಆ ವ್ಯತ್ಯಾಸ ಮುಖ್ಯ.

ಅಕ್ಕನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಅವು ಆ ಕೊನೆಯ ಹೊಡೆತಕ್ಕೆ ಮೊದಲೇ ಕ್ಷೀಣಿಸುತ್ತಿದ್ದವೋ, ಇಲ್ಲ ಹೊಡೆತ ಬೀಳುವವರೆಗೂ ಚೆನ್ನಾಗಿಯೇ ಬದುಕಿದ್ದವೋ? ಮೇಲಿನ ಪದರಗಳಿಗೆ ಹೋದಂತೆ ಅವು ಕಡಿಮೆ ಸಿಗುತ್ತವೆ, ಆದ್ದರಿಂದ ಸಾಯುತ್ತಿದ್ದವು ಎಂದು ಹೇಳುವವರು ಇದ್ದರು. ಅಕ್ಕ ಒಪ್ಪುತ್ತಿರಲಿಲ್ಲ.

"ಕಲ್ಲು ಸಿಗ್ಲಿಲ್ಲ ಅಂದ್ರೆ ಪ್ರಾಣಿ ಇರ್ಲಿಲ್ಲ ಅಂತಲ್ಲ ಕಣೋ. ನಾವು ಸರಿಯಾಗಿ ಹುಡುಕಿಲ್ಲ ಅಂತ. ನಿಮ್ ಪೇಪರ್ನಲ್ಲಿ ಸಿ.ಎಸ್. ಪುರದ ಸುದ್ದಿ ಎಷ್ಟು ಬರುತ್ತೆ ಹೇಳು?"

"ಬರೋದೇ ಇಲ್ಲ. ಅಲ್ಲಿ ನಮಗೆ ವರದಿಗಾರ ಇಲ್ಲ."

"ಹಾಗಾದ್ರೆ ಸಿ.ಎಸ್. ಪುರದಲ್ಲಿ ಯಾರೂ ಹುಟ್ತಿಲ್ಲ, ಸಾಯ್ತಿಲ್ಲ, ಜಗಳ ಆಡ್ತಿಲ್ಲ ಅನ್ನು!"

ಅದಾದ ಮೇಲೆ ನಾನು ಆ ಹೋಬಳಿಗೆ ಒಬ್ಬನನ್ನು ಗೊತ್ತುಮಾಡಿದೆ. ಜಗಳಗಳು ಬರತೊಡಗಿದವು.

ಅವಳ ಕೆಲಸದ ರೀತಿ ನಮ್ಮ ಕೆಲಸದ ಹಾಗೆಯೇ ಇತ್ತು. ಯಾವ ಪದರ, ಯಾವ ಜಾಗ, ಯಾವ ಕಡೆ ಮೇಲಿತ್ತು ಎನ್ನುವುದು ಗೊತ್ತಿಲ್ಲದ ಕಲ್ಲು ಅವಳ ಪಾಲಿಗೆ ಬರೀ ಕಲ್ಲು. ಅದಕ್ಕೇ ಕೀಳುವ ಮೊದಲು, ಕಲ್ಲು ನೆಲದಲ್ಲಿ ಕೂತಿದ್ದ ಹಾಗೆಯೇ, ಆಕಾಶಕ್ಕೆ ಮುಖ ಮಾಡಿದ ಅಂಚಿನಲ್ಲಿ ಅರದಿಂದ ಒಂದು ಕಚ್ಚು ಹಾಕುತ್ತಿದ್ದಳು. "ಬಣ್ಣ ಉಜ್ಜಿದ್ರೆ ಹೋಗುತ್ತೆ. ಇದು ಹೋಗಲ್ಲ," ಅನ್ನುತ್ತಿದ್ದಳು. ಗುಬ್ಬಿಯ ಅವಳ ಮನೆಯ ಗೋಡೆಗೆ ಒಂದು ದೊಡ್ಡ ನಕ್ಷೆ ಇತ್ತು. ಕೆಳಗಿನಿಂದ ಮೇಲಕ್ಕೆ ಪದರಗಳು, ಅವುಗಳನ್ನು ಹಾದು ನಿಂತ ಗೆರೆಗಳು. ಒಂದೊಂದು ಬಗೆಯ ಅಮ್ಮೊನೈಟ್‌ಗೂ ಒಂದೊಂದು ಗೆರೆ. ಕೊನೆಯ ಕಲ್ಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಗೆರೆ ನಿಲ್ಲುತ್ತಿತ್ತು. ಎಲ್ಲ ಗೆರೆಗಳಿಗಿಂತ ಮೇಲೆ, ಬೇರೆ ಯಾರಿಗೂ ಏನೂ ಸಿಗದ ಪದರದಲ್ಲಿ, ಅವಳಿಗೆ ಒಂದು ಸಿಕ್ಕಿತ್ತು. ಅಂಗೈಯಷ್ಟು ದೊಡ್ಡದು. ಯಾವುದೋ ಪ್ರಾಣಿ ಅದನ್ನು ಕಚ್ಚಿತ್ತು, ಗಾಯ ಮಾಯ್ದು ಏಣು ಸೊಟ್ಟಗೆ ಬೆಳೆದಿತ್ತು.

"ನೋಡೋ, ಕಚ್ಚಿಸ್ಕೊಂಡು, ವಾಸಿ ಮಾಡ್ಕೊಂಡು, ಮತ್ತೆ ಬೆಳೆದಿದೆ. ಸಾಯೋ ಕುಲದ ಲಕ್ಷಣಾನಾ ಇದು?"

ಇನ್ನು ಆ ಸಾಲಿಗ್ರಾಮದ ಮನೆಯವನ ವಿಷಯ. ಅವನು ಅಕ್ಕನ ವಿಭಾಗದ ಮುಖ್ಯಸ್ಥ, ಕುಣಿಗಲ್‌ನವನು. ಪತ್ರಿಕೆಯಲ್ಲಿ ನಾನು ಯಾರನ್ನೂ ಏಕವಚನದಲ್ಲಿ ಬರೆದವನಲ್ಲ. ಜೈಲಿಗೆ ಹೋದವರಿಗೂ 'ಅವರು' ಹಾಕಿದ್ದೇನೆ. ಇದು ಪತ್ರಿಕೆಯಲ್ಲ.

ಕಾಲೇಜಿನ ಆಡಳಿತದವರಿಗೆ ಕಂಪ್ಯೂಟರ್ ಲ್ಯಾಬಿಗೆ ಒಂದು ಕೋಣೆ ಬೇಕಿತ್ತು. ಭೂವಿಜ್ಞಾನ ವಿಭಾಗವನ್ನೇ ಮುಚ್ಚಿದರೆ ಕೋಣೆ ಸಿಗುತ್ತದೆ ಎಂದು ಅವರಿಗೆ ಹೇಳಿಕೊಟ್ಟವನು ಅವನು. ಬದಲಿಗೆ ಉಪಪ್ರಾಂಶುಪಾಲನಾದ. ಅಕ್ಕ ಅರಿಯಲೂರಿನಲ್ಲಿದ್ದ ರಜೆಯಲ್ಲಿ, ಅವಳ ಕಲ್ಲುಗಳಿದ್ದ ಆ ಕೋಣೆಯನ್ನು ಖಾಲಿ ಮಾಡಿಸಿದರು. ಅವಳು ವಾಪಸು ಬಂದಾಗ ಅಲ್ಲಿ ಮೇಜು, ಪರದೆ, ವೈರು. ಕಲ್ಲುಗಳೆಲ್ಲ ಎಲ್ಲಿ ಎಂದು ಕೇಳಿದಾಗ ಹೊಸ ಪಾರ್ಕಿಂಗ್ ಜಾಗದ ಗುಂಡಿಗೆ ಹಾಕಿದೆವು, ಮೇಲೆ ಇಂಟರ್‌ಲಾಕ್ ಟೈಲ್ಸ್ ಹಾಸಿಯಾಗಿದೆ ಎಂದರು. ಅಕ್ಕ ಆ ಟೈಲ್ಸ್ ಮೇಲೆ ಬಿಸಿಲಿನಲ್ಲಿ ನಿಂತಿದ್ದಳಂತೆ. ಸ್ಕೂಟರಿನವರು ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸಿದರಂತೆ.

ವಿಭಾಗ ಮುಚ್ಚಿದ ಸುದ್ದಿ ನಮ್ಮ ಪತ್ರಿಕೆಯಲ್ಲೂ ಬಂತು. ನಮ್ಮ ಮನೆಯ ವಿಷಯವಾದ್ದರಿಂದ ನಾನು ಅದನ್ನು ಮುಟ್ಟಲಿಲ್ಲ, ಬೇರೆಯವರು ಮಾಡಿದರು. ಅದು ನಿಯಮ. ಸುದ್ದಿಯಲ್ಲಿ ಅವನ ಒಂದು ಮಾತಿತ್ತು: "ವಿಭಾಗ ತಾನಾಗಿಯೇ ಕ್ಷೀಣಿಸುತ್ತಿತ್ತು." ಅಕ್ಕನ ಎದುರಿಗಂತೂ ಇನ್ನೂ ಚೆನ್ನಾಗಿ ಹೇಳಿದ್ದ. "ನಿಮ್ಮ ಅಮ್ಮೊನೈಟ್ ತರಾನೇ ಮೇಡಂ. ಹೇಗೂ ಸಾಯ್ತಿತ್ತು. ನಾವೇನು ಕೊಂದಿಲ್ಲ."

ಕೊಂದವರು ಮೊದಲು ಹೇಳುವ ಮಾತೇ ಅದು ಎಂದು ಪತ್ರಿಕೆಯವನಾಗಿ ನನಗೆ ಗೊತ್ತಿತ್ತು. ಆ ವಾಕ್ಯವನ್ನು ನಾನು ಇಟ್ಟುಕೊಂಡೆ. ಅವನ ಬಾಯಿಂದಲೇ ಅದನ್ನು ವಾಪಸು ತೆಗೆಸಬೇಕು ಎಂದು ಅಂದೇ ನಿರ್ಧರಿಸಿದ್ದೆ. ಅವಸರ ಇರಲಿಲ್ಲ.

ಅಕ್ಕನಿಗೆ ಬಿದ್ದ ಹೊಡೆತ ಬೇರೆಯದು. ಅವಳು ಬರೆದ ಪ್ರಬಂಧ ಹೋದ ಕಡೆಯಿಂದೆಲ್ಲ ಒಂದೇ ಪ್ರಶ್ನೆಯೊಂದಿಗೆ ಹಿಂದೆ ಬಂತು: ಆ ಮೇಲಿನ ಪದರದ ಕಲ್ಲು ಈಗ ಎಲ್ಲಿದೆ? ಅಳತೆ ಇತ್ತು, ಚಿತ್ರ ಇತ್ತು. ಕಲ್ಲು ಇರಲಿಲ್ಲ. ಬೇರೆಯವರು ಕೈಗೆತ್ತಿಕೊಂಡು ನೋಡಲಾಗದ ಕಲ್ಲನ್ನು ಆ ವಿದ್ಯೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಕ್ಕ ಗೋಡೆಯ ನಕ್ಷೆಯಲ್ಲಿ ಆ ಒಂದು ಗೆರೆಯ ತುದಿಯನ್ನು ಅಳಿಸಿ, ಪೆನ್ಸಿಲ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕಿದಳು. ಗೆರೆ ಕೆಳಗಿನ ಪದರದಲ್ಲಿ ನಿಂತುಹೋಯಿತು. ನೋಡಿದವರಿಗೆ ಅವು ಮೊದಲೇ ಸಾಯುತ್ತಿದ್ದವು ಎನಿಸುತ್ತಿತ್ತು.

ಆ ಫೋಟೊ ಹಿಡಿದು ಮರುದಿನ ಬೆಳಗ್ಗೆ ಗುಬ್ಬಿಗೆ ಹೋದೆ. ಅಕ್ಕ ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದಳು. ಫೋನನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದಳು. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು.

"ಎಣ್ಣೆ ಹಚ್ಚವ್ರೆ," ಎಂದಳು ಕೊನೆಗೆ. "ಅದಕ್ಕೇ ಕಪ್ಪಗಿದೆ. ಎಲ್ಲಿ ಸಿಗ್ತೋ ಇದು?"

ಹೇಳಿದೆ. ಕೊಬ್ಬರಿ ಬಟ್ಟಲೊಂದು ಅವಳ ಕೈಯಲ್ಲೇ ಇತ್ತು. ಅದನ್ನು ನಿಧಾನವಾಗಿ ಉಳಿದವುಗಳ ಸಾಲಿಗೆ ಇಟ್ಟಳು.

"ಭಾನುವಾರದ ಪುಟದಲ್ಲಿ ಹಾಕ್ತೀನಿ," ಎಂದೆ. "ಎರಡು ಫೋಟೊ, ಪಕ್ಕ ಪಕ್ಕ. ನಿನ್ನ ಹಳೇದು, ಅವನ ಪೂಜೇದು. ಸೊಟ್ಟ ಏಣಿಗೆ ಒಂದು ಬಾಣದ ಗುರುತು. ಜಾಸ್ತಿ ಬರೆಯೋದೇ ಬೇಡ."

"ಹಾಕು. ಸೋಮವಾರ ಕುಣಿಗಲ್ ದೊಡ್ಡಕೆರೇಲಿ ಮುಳುಗಿರುತ್ತೆ ನನ್ ಕಲ್ಲು. ದೇವ್ರನ್ನ ನೀರಿಗೆ ಬಿಟ್ಟೆ ಅಂದ್ರೆ ಯಾರು ಕೇಳ್ತಾರೆ?"

ಅಕ್ಕ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ನಿಂಗೆ ಅವ್ನ ಮಾನ ಬೇಕು. ನಂಗೆ ಕಲ್ಲು ಬೇಕು. ಕಲ್ಲು ಬಂದ್ಮೇಲೆ ಮಾನ ನೀನೇ ಇಟ್ಕೋ."

ಹೀಗೆ ನಮ್ಮ ಒಪ್ಪಂದವಾಯಿತು. ಮೊದಲು ಕಲ್ಲು, ಆಮೇಲೆ ಸೇಡು. ನನಗೆ ಅದು ಸುಲಭವಾಗಿರಲಿಲ್ಲ.

ಶುಕ್ರವಾರ ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗುವ ಬಸ್ಸು ಹಿಡಿದೆ. ಸಾಲಿಗ್ರಾಮದ ಬಗ್ಗೆ ವಿವರವಾಗಿ ಬರೆಯಲು ಬರುತ್ತೇನೆಂದು ಮೊದಲೇ ಫೋನು ಮಾಡಿದ್ದೆ. ಅಕ್ಕನ ತಮ್ಮನೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಬಾಗಿಲಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲಿಗೆ ಶಲ್ಯ. "ಬನ್ನಿ ಬನ್ನಿ, ಪ್ರೆಸ್‌ನೋರು. ನಮ್ಮಂಥ ರಾಗಿ ಬೆಳೆಯೋರ ಮನೇಲಿ ಸಾಲಿಗ್ರಾಮ ಇರೋದು ಇಡೀ ತಾಲ್ಲೂಕಲ್ಲೇ ಇದೊಂದೇ ಕಣ್ರೀ!"

ಆ ಹೆಮ್ಮೆ ನನಗೆ ಅರ್ಥವಾಗುತ್ತಿತ್ತು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಮನೆದೇವರು ಗುಡಿಯಲ್ಲಿರುತ್ತಾರೆ, ಮನೆಯಲ್ಲಿ ಫೋಟೊ ಇರುತ್ತದೆ. ಸಾಲಿಗ್ರಾಮದ ಪೂಜೆ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ. ಅದಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಕೊಡುವವರೂ ಇರಲಿಲ್ಲ. ಹಾಗಾಗಿ ಅವನ ಹೆಂಡತಿ ತನಗೆ ಗೊತ್ತಿದ್ದ ರೀತಿಯಲ್ಲಿ ಅದನ್ನು ನೋಡಿಕೊಂಡಿದ್ದರು. ಶುಕ್ರವಾರ ದೀಪದ ಕಂಬ, ಆರತಿ ತಟ್ಟೆ, ಗಂಟೆ ತೊಳೆಯುವಾಗ ದೇವರನ್ನೂ ತೊಳೆಯುವುದು. ಹುಣಸೆಹಣ್ಣು ಹಚ್ಚಿ.

ನಾನು ಹೋದಾಗ ಆಕೆ ಅದನ್ನೇ ಮಾಡುತ್ತಿದ್ದರು. ಹಿತ್ತಿಲ ಬಾಗಿಲ ಬಳಿ ಕೂತು, ನೆನೆಸಿದ ಹುಣಸೆಯನ್ನು ಕಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಪಕ್ಕದ ಮನೆಯ ಹೆಂಗಸೊಬ್ಬರು ಹೂ ಕಟ್ಟುತ್ತಾ ಜೊತೆಗಿದ್ದರು. ಏಣುಗಳ ನಡುವೆ ಸಣ್ಣಗೆ ನೊರೆ ಏಳುತ್ತಿತ್ತು.

"ನೋಡಣ್ಣ, ಹೆಂಗೆ ನೊರೆ ಬುಡ್ತೈತೆ," ಎಂದರು ಆಕೆ ನನ್ನತ್ತ ನೋಡಿ. "ಕೊಳೆ."

"ಕೊಳೆ ಎಲ್ಲಿ ಬತ್ತೈತಕ್ಕ ವಾರವಾರ ತೊಳದ್ರೆ?" ಎಂದರು ಹೂ ಕಟ್ಟುವವರು. "ನಿಮ್ಮೆಜಮಾನ್ರ ಪಾಪ ಅದು. ಉಜ್ಜು ಉಜ್ಜು, ಇನ್ನೂ ಬೇಕಾದಂಗೈತೆ!"

ಇಬ್ಬರೂ ನಕ್ಕರು. ಅವನು ನಗಲಿಲ್ಲ. ಅವನ ಕಣ್ಣು ಆ ನೊರೆಯ ಮೇಲಿತ್ತು. ಸುಣ್ಣಕಲ್ಲಿಗೆ ಹುಳಿ ಬಿದ್ದರೆ ಏನಾಗುತ್ತದೆಂದು ಮೊದಲ ವರ್ಷದ ಹುಡುಗರಿಗೆ ಕಲಿಸಿದ್ದವನು ಅವನೇ. ಆ ನೊರೆ ಕೊಳೆಯಲ್ಲ, ಕಲ್ಲೇ ಕರಗಿ ಹೋಗುತ್ತಿರುವುದು. ಬೇಡ ಎನ್ನಬೇಕೆಂದರೆ ಯಾಕೆ ಬೇಡ ಎಂದು ಹೇಳಬೇಕು. ಹೇಳಿದರೆ ಇದು ಗಂಡಕಿಯ ಕಲ್ಲಲ್ಲ ಎಂದು ಒಪ್ಪಬೇಕು. ಆದ್ದರಿಂದ ಅವನು ಪ್ರತಿ ಶುಕ್ರವಾರ ಶಲ್ಯ ಹೊದ್ದು ಕೂತು, ತಾನು ಕದ್ದದ್ದು ತನ್ನ ಮನೆಯಲ್ಲೇ ಸವೆಯುವುದನ್ನು ನೋಡುತ್ತಿದ್ದ.

ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಪೆನ್ನು ತೆಗೆದೆ. "ಸಾರ್, ನೀವು ಭೂವಿಜ್ಞಾನದ ಪ್ರೊಫೆಸರ್. ಹುಣಸೆ ಹುಳಿ ಕಲ್ಲಿಗೆ ಏನೂ ಮಾಡಲ್ವಾ?"

ಅವನು ಶಲ್ಯ ಸರಿಮಾಡಿಕೊಂಡ. "ಬೇರೆ ಕಲ್ಲಿಗೆ ಮಾಡುತ್ತೆ. ಇದು ಗಂಡಕಿ ಶಿಲೆ ಕಣ್ರೀ. ಆಸಿಡ್‌ಗೂ ಜಗ್ಗಲ್ಲ."

"ಹಾಗೇ ಬರ್ಕೊಳ್ಳಲಾ?"

"ಬರ್ಕೊಳಿ."

ಬರೆದುಕೊಂಡೆ. ಅವನ ಹೆಂಡತಿ ಧೈರ್ಯ ಬಂದವರಂತೆ ಇನ್ನಷ್ಟು ಜೋರಾಗಿ ಉಜ್ಜಿದರು. ಆಗ ನನ್ನ ಸಂತೋಷ ನಿಂತಿತು. ಸವೆಯುತ್ತಿದ್ದದ್ದು ಅವನಲ್ಲ, ಅಕ್ಕನ ಕಲ್ಲು. ಆ ಸೊಟ್ಟ ಏಣು ಆಗಲೇ ಅರ್ಧ ಮಾಸಿತ್ತು. ಅವನಿಗೆ ಇನ್ನೊಂದು ಪ್ರಶ್ನೆ ಹಾಕಿ ಇನ್ನೊಂದು ಸುಳ್ಳು ಹೇಳಿಸುವ ಆಸೆಯನ್ನು ತಡೆದುಕೊಂಡು, ನಾನು ಆಕೆಯ ಕಡೆ ತಿರುಗಿದೆ.

"ಅಮ್ಮ, ಇದನ್ನ ತಂದವರು ನಿಮ್ಮ ಮಾವನವರಂತೆ?"

"ಮಾವನೋರಾ?" ಆಕೆ ಉಜ್ಜುವುದನ್ನು ನಿಲ್ಲಿಸಿದರು. "ಅವ್ರು ಯಡಿಯೂರು ದಾಟಿ ಹೋದೋರಲ್ಲ. ಇವ್ರೇ ಕಾಲೇಜು ಬುಡೋ ಟೈಮಲ್ಲಿ ತಂದ್ರು. ಯಾರೋ ದೊಡ್ಡೋರು ಕೊಟ್ರಂತೆ."

"ಏ, ನಿಂಗೇನ್ ಗೊತ್ತೇ?" ಎಂದ ಅವನು. "ಕಾಫಿ ತಗಂಬಾ ಹೋಗು."

ಆಕೆ ಏಳಲಿಲ್ಲ. ಕಲ್ಲನ್ನು ನೀರಿನಲ್ಲಿ ಅದ್ದಿ, ಒರೆಸಿ, ಹಿತ್ತಾಳೆಯ ಬಳೆಯೊಳಗೆ ಕೂರಿಸಿ ನನಗೆ ತೋರಿಸಿದರು. ಬೆರಳು ತಾಗಿಸಿದರೆ ಅದು ಲಟಲಟ ಎನ್ನುತ್ತಿತ್ತು.

"ಇದೊಂದು ಕೇಳ್ಬೇಕಿತ್ತಣ್ಣ ಯಾರನ್ನಾದ್ರೂ. ಈ ಬಳೆ ಮಾಡ್ಸಿದಾಗ ಬಿಗಿಯಾಗಿ ಕೂತಿತ್ತು. ಅಡೀಲಿ ಅರಗು ಬೇರೆ ಹಾಕಿ ಕೂರ್ಸಿದ್ರು. ಈಗ ನೋಡು, ಅರಗಿನ ಸಮೇತ ಎದ್ದು ಬತ್ತೈತೆ. ದೇವ್ರು ಸೊರಗ್ತಾ ಅವ್ನೆ. ಇವ್ರನ್ನ ಕೇಳಿದ್ರೆ ನಮ್ ಪಾಪ ಹೀರ್ಕೊಂಡು ಸೊರಗ್ತಾನೆ ಅಂತಾರೆ. ನಂಗೆ ರಾತ್ರಿ ನಿದ್ದೆ ಬರಾಕಿಲ್ಲ. ನಾನೇನ್ ತಪ್ಪು ಮಾಡ್ತಿದೀನೋ ಅಂತ."

ಬರುವಾಗ ನಾನು ಏನೇನೋ ಯೋಚಿಸಿದ್ದೆ. ಈ ಮಾತು ನನ್ನ ಯೋಚನೆಯಲ್ಲಿ ಇರಲಿಲ್ಲ.

"ಇನ್ಮೇಲೆ ಹುಳಿ ಹಚ್ಚಬೇಡಿ ಅಮ್ಮ," ಎಂದೆ. "ಮೊಸರೂ ಬೇಡ. ಬರೀ ನೀರು ಹಾಕಿ. ಗುಬ್ಬೀಲಿ ನಮ್ಮಕ್ಕ ಇದಾಳೆ. ಇಂಥ ಕಲ್ಲು ನೋಡೋದೇ ಅವಳ ಕೆಲಸ. ಸಾರ್ ಇದ್ದ ಕಾಲೇಜಲ್ಲೇ ಪಾಠ ಮಾಡ್ತಿದ್ಲು. ಒಂದ್ಸಲ ತೋರಿಸಿ."

ಅವನ ಮುಖ ನೋಡಲೆಂದೇ ಕೊನೆಯ ವಾಕ್ಯಗಳನ್ನು ನಿಧಾನವಾಗಿ ಹೇಳಿದೆ. ಅವನು ನನ್ನನ್ನು ನೋಡಿದ, ಕಲ್ಲನ್ನು ನೋಡಿದ. ಶಲ್ಯ ಹೆಗಲಿನಿಂದ ಜಾರಿತು. ಎತ್ತಿಕೊಳ್ಳಲಿಲ್ಲ.

"ಬ್ಯಾಡ," ಎಂದ. "ಸಾಲಿಗ್ರಾಮ ಮನೆ ಹೊಸ್ತಿಲು ದಾಟಬಾರದು."

"ಸಿ.ಎಸ್. ಪುರದಲ್ಲಿ ನಮ್ ತಂಗಿ ಮನೆ ಐತೆ," ಎಂದರು ಆಕೆ, ಅವನ ಮಾತು ಕೇಳಿಸದವರಂತೆ. "ಅಲ್ಲಿಂದ ಗುಬ್ಬಿ ಎಷ್ಟ್ ದೂರ. ಬತ್ತೀನಿ ಬುಡಣ್ಣ."

ಅವನು ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದ. ಗೇಟಿನ ಹೊರಗೆ ದನಿ ತಗ್ಗಿಸಿ, "ನೋಡಿ, ಎಲ್ಲಾ ಗುಂಡಿಗೆ ಹೋಗ್ತಿತ್ತು. ನಾನು ಒಂದನ್ನ ಉಳಿಸ್ದೆ. ಆ ಡಿಪಾರ್ಟ್‌ಮೆಂಟು ಹೇಗೂ ಸಾಯ್ತಿತ್ತು," ಎಂದ.

"ಈ ಮಾತೂ ಬರ್ಕೊಳ್ಳಲಾ ಸಾರ್?"

ಅವನು ಗೇಟು ಹಾಕಿಕೊಂಡ.

ಆಮೇಲಿನ ದಿನಗಳು ನನಗೆ ಕಷ್ಟದವು. ಅವನು ಕಲ್ಲನ್ನು ಕೆರೆಗೆ ಎಸೆಯಬಹುದಿತ್ತು, ಯಾವುದಾದರೂ ಮಠಕ್ಕೆ ಕೊಟ್ಟು ಬರಬಹುದಿತ್ತು. ಕುಣಿಗಲ್‌ನ ವರದಿಗಾರನಿಗೆ ಆ ಬೀದಿಯ ಮೇಲೆ ಒಂದು ಕಣ್ಣಿಡಲು ಹೇಳಿದೆ. "ದೇವ್ರ ಕೋಣೆ ಬೀಗದ ಕೈ ಆಯಮ್ಮನ ಸೊಂಟದಲ್ಲೇ ಐತೆ ಸಾರ್," ಎಂದು ವರದಿಗಾರ ಸುದ್ದಿ ಕೊಟ್ಟ. "ಗಂಡ ಪೂಜೆಗೆ ಹೋಗ್ಬೇಕಂದ್ರೂ ಅವ್ರನ್ನೇ ಕೇಳ್ಬೇಕು ಈಗ." ಅಷ್ಟರಿಂದಲೇ ಸಾಕಷ್ಟು ತಿಳಿಯಿತು.

ಗುಬ್ಬಿಯ ಸಂತೆಯ ದಿನ ಆಕೆ ಬಂದರು. ಮೊದಲೇ ಫೋನು ಮಾಡಿದ್ದರಿಂದ ನಾನೂ ಹೋಗಿದ್ದೆ. ಕೈಯಲ್ಲಿ ಸ್ಟೀಲಿನ ಡಬ್ಬಿ, ಒಳಗೆ ಅಕ್ಕಿ, ಅಕ್ಕಿಯೊಳಗೆ ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿದ ಕಲ್ಲು, ಪಕ್ಕದಲ್ಲಿ ಪೀಠ. ತಲೆಬಾಗಿಲಲ್ಲಿ ನಿಂತು, ಕಾಲಿಗೆ ನೀರು ಕೇಳಿ, ತೊಳೆದುಕೊಂಡೇ ಒಳಗೆ ಬಂದರು. ಅಕ್ಕನೂ ಸುಮ್ಮನೆ ನೀರು ತಂದುಕೊಟ್ಟಳು.

ಅಕ್ಕ ಬಟ್ಟೆ ಬಿಚ್ಚಿದಳು. ಹೆಬ್ಬೆರಳನ್ನು ಸುರುಳಿಯ ಮೇಲೆ ಒಂದು ಸುತ್ತು ಆಡಿಸಿದಳು. ಮೇಲಿನ ಮುಖ ನದಿಯ ಕಲ್ಲಿನ ಹಾಗೆ ನುಣುಪಾಗಿತ್ತು. ಸೊಟ್ಟ ಏಣು ಬೆರಳಿಗೆ ಸಿಕ್ಕಾಗ ಕೈ ನಿಂತಿತು. ಆಮೇಲೆ ಅಂಚಿನ ಕಚ್ಚು. ಅದರೊಳಗೆ ಗಂಧ ತುಂಬಿ ಒಣಗಿತ್ತು. ತಿರುಗಿಸಿದಳು. ಕೆಳಮುಖದ ತುಂಬಾ ಕೆಂಪಗೆ ಅರಗು ಮೆತ್ತಿಕೊಂಡಿತ್ತು.

"ಅರಗಿನಡಿ ಹುಳಿ ಹೋಗಿರಲ್ಲ," ಎಂದಳು ನನಗೆ. "ಸ್ಪಿರಿಟ್ ತಗೊಂಡ್ ಬಾರೋ."

ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತ ಹೋದಂತೆ ಅರಗು ಕರಗಿ ಬಂತು. ಒಳಗಿಂದ ಬೂದು ಕಲ್ಲು, ಅದರ ಮೇಲೆ ಸಬ್ಬಸಿಗೆ ಸೊಪ್ಪಿನ ಎಸಳುಗಳನ್ನು ಒತ್ತಿ ಇಟ್ಟಂಥ ಗೆರೆಗಳು. ಚಿಪ್ಪಿನೊಳಗಿನ ಕೋಣೆಗಳ ಗೋಡೆಗಳು ಹೊರಗೋಡೆಗೆ ಕೂಡುವ ಗೆರೆಗಳು ಅವು. ಆ ಗೆರೆ ನೋಡಿಯೇ ಇದು ಯಾವ ಬಗೆಯ ಅಮ್ಮೊನೈಟ್ ಎಂದು ಹೇಳುವುದು. ಒಂದು ಎಸಳೂ ಹೋಗಿರಲಿಲ್ಲ. ಅಕ್ಕ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

ಆಕೆ ಎಲ್ಲವನ್ನೂ ನೋಡುತ್ತಿದ್ದರು. "ಯಾಕಮ್ಮ ಅಳ್ತೀರಿ? ದೇವ್ರಿಗೆ ಏನಾಗೈತೆ?"

ಅಕ್ಕ ಸುತ್ತಿ ಬಳಸಿ ಮಾತಾಡುವವಳಲ್ಲ. "ಇದು ನನ್ ಕಲ್ಲಮ್ಮ. ಅರಿಯಲೂರಿನದು. ನಾನೇ ಕಿತ್ತದ್ದು. ಈ ಕಚ್ಚು ನಂದು," ಎಂದು ಗೋಡೆಯ ನಕ್ಷೆ, ಹಳೆಯ ಫೋಟೊ ಎರಡನ್ನೂ ತೋರಿಸಿದಳು. "ಸುಣ್ಣಕಲ್ಲು. ಹುಳಿ ತಾಗಿದ್ರೆ ಕರಗುತ್ತೆ."

ಆಕೆ ಫೋಟೊ ನೋಡಿದರು. ಕಲ್ಲಿನ ಸೊಟ್ಟ ಏಣನ್ನು, ಫೋಟೊದ ಸೊಟ್ಟ ಏಣನ್ನು ಬೆರಳಿಟ್ಟು ನೋಡಿದರು. "ಅಂದ್ರೆ ನಾನು ಇಷ್ಟ್ ವರ್ಸ ಪೂಜೆ ಮಾಡಿದ್ದು?"

"ಪೂಜೆ ಸುಳ್ಳಲ್ಲ. ಸಾಲಿಗ್ರಾಮದಲ್ಲಿ ಇರೋದೂ ಇದೇ ಪ್ರಾಣಿ."

"ಅದಲ್ಲಮ್ಮ." ಆಕೆ ಕಲ್ಲಿನ ನುಣುಪು ಮುಖವನ್ನು ಹೆಬ್ಬೆರಳಿನಿಂದ ಸವರಿದರು. "ಕರಗ್ತೈತೆ ಅಂತ ಆವಯ್ಯಂಗೆ ಗೊತ್ತಿತ್ತಾ?"

ಅಕ್ಕ ನನ್ನ ಮುಖ ನೋಡಿದಳು. "ಅದನ್ನೇ ಪಾಠ ಮಾಡ್ತಿದ್ರು," ಎಂದೆ ನಾನು.

"ಎದ್ರಿಗೇ ಕೂತಿರ್ತಿದ್ದ," ಎಂದರು ಆಕೆ. "ನಾನ್ ಹುಣಸೇಹಣ್ಣು ಹಚ್ಚಿ ಉಜ್ಜೋವಾಗ ಎದ್ರಿಗೇ ಕೂತಿರ್ತಿದ್ದ. ದೇವ್ರು ಸೊರಗ್ತಾ ಅವ್ನೆ ಅಂತ ನಾನ್ ಅಳ್ತಿದ್ರೆ, ನಿನ್ ಪಾಪ ಕಣೇ ಅಂದ."

ನನ್ನ ಸೇಡಿನ ಅಳತೆ ಎಷ್ಟು ಚಿಕ್ಕದೆಂದು ಆ ಮುಖ ನೋಡಿದಾಗ ತಿಳಿಯಿತು.

ಆಕೆ ಕಲ್ಲನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡರು. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಅಕ್ಕನ ಕೈಗೆ ಕೊಟ್ಟರು. "ನಿಮ್ದು ನಿಮಗೆ ಸೇರ್ತು. ಪೀಠ ಮಾತ್ರ ನಂಗಿರ್ಲಿ."

"ಬರೀ ಪೀಠ ಏನ್ ಮಾಡ್ತೀರಮ್ಮ?" ಎಂದಳು ಅಕ್ಕ.

"ಕೆಲ್ಸ ಐತೆ."

ಆಕೆ ಹೋದ ಮೇಲೆ ಅಕ್ಕ ಸ್ಟೂಲು ಹತ್ತಿ, ಪೆನ್ಸಿಲ್ ಚುಕ್ಕಿಗಳ ಮೇಲೆ ಮಸಿಯ ಪೆನ್ನಿನಿಂದ ಒಂದೇ ಗೆರೆ ಎಳೆದಳು. ಕೆಳಗೆ ನಿಂತಿದ್ದ ಗೆರೆ ಎಲ್ಲಕ್ಕಿಂತ ಮೇಲಿನ ಪದರ ಮುಟ್ಟಿತು. ಕಲ್ಲು ಈಗ ಒಂದು ಸಂಗ್ರಹಾಲಯದಲ್ಲಿ ಸಂಖ್ಯೆ ಪಡೆದು ಕೂತಿದೆ, ಯಾರು ಬೇಕಾದರೂ ಕೇಳಿ ಕೈಗೆತ್ತಿಕೊಳ್ಳಬಹುದು. ಎಲ್ಲಿದೆ ಎಂಬ ಪ್ರಶ್ನೆ ಮತ್ತೆ ಬರಲಿಲ್ಲ. ಪ್ರಬಂಧ ಪ್ರಕಟವಾಯಿತು. ಒಂದು ಕಲ್ಲಿನಿಂದ ಎಲ್ಲ ವಾದ ಮುಗಿಯುವುದಿಲ್ಲ ಎಂದು ಅದರಲ್ಲಿ ಅಕ್ಕನೇ ಬರೆದಿದ್ದಾಳೆ. ಆದರೆ ಆ ಪದರದವರೆಗೆ ಅವು ಬದುಕಿದ್ದವು ಎನ್ನುವುದನ್ನು ಇನ್ನು ಯಾರೂ ಅಳಿಸಲಾರರು.

ಈಗ ನನ್ನ ಸರದಿ. ಒಂದೇ ಕಾಲಂನ ಸುದ್ದಿ ಸಿದ್ಧಮಾಡಿ ಸಂಪಾದಕರ ಮುಂದಿಟ್ಟೆ. ಇದು ನಮ್ಮ ಅಕ್ಕನ ವಿಷಯ ಎಂದೂ ಹೇಳಿದೆ. ಅವರು ಎರಡು ಸಲ ಓದಿ, ಹೆಸರಿಲ್ಲದಿದ್ದರೆ ಹೋಗಲಿ ಎಂದರು. ಮೊದಲ ವಾಕ್ಯ: 'ಅವು ಸಾಯುತ್ತಿರಲಿಲ್ಲ.' ಕೊನೆಯ ವಾಕ್ಯ: 'ಮುಚ್ಚಿಹೋದ ವಿಭಾಗದಿಂದ ಕಾಣೆಯಾಗಿದ್ದ ಈ ಮಾದರಿ ಕೆಲವು ವರ್ಷ ಕುಣಿಗಲ್‌ನ ಮನೆಯೊಂದರಲ್ಲಿ ಪೂಜೆಗೊಳ್ಳುತ್ತಿತ್ತು.' ದರ್ಶನಕ್ಕೆ ಅಷ್ಟು ಜನ ಬಂದು ಹೋದ ಊರಿನಲ್ಲಿ ಹೆಸರಿನ ಅಗತ್ಯವೇ ಇರಲಿಲ್ಲ. ಆದರೂ ಅಚ್ಚಿಗೆ ಹೋಗುವ ಮೊದಲು ಅವನ ಪ್ರತಿಕ್ರಿಯೆ ಕೇಳುವುದು ನಿಯಮ. ಫೋನಿನಲ್ಲೇ ಕೇಳಬಹುದಿತ್ತು. ನಾನು ಬಸ್ಸು ಹತ್ತಿದೆ.

ದೇವರ ಕೋಣೆಯ ಬಾಗಿಲು ತೆರೆದಿತ್ತು. ಅವನು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಹಿತ್ತಾಳೆಯ ಪೀಠ, ಪೀಠದ ಬಳೆಯೊಳಗೆ ಏನೂ ಇಲ್ಲ. ಅವನು ಚಮಚದಲ್ಲಿ ನೀರು ಬಿಡುತ್ತಿದ್ದ. ಆಕೆ ಬಾಗಿಲ ಪಕ್ಕ ಅಕ್ಕಿ ಆರಿಸುತ್ತಾ ಕೂತಿದ್ದರು.

"ಬಾ ಅಣ್ಣ, ಕೂತ್ಕೋ. ಪೂಜೆ ನಡೀತಾ ಐತೆ."

ದರ್ಶನಕ್ಕೆಂದು ಹೊರಗಿನಿಂದ ಬಂದಿದ್ದ ಮುದುಕರೊಬ್ಬರು ಕೋಣೆಯೊಳಗೆ ಇಣುಕಿ ಗಲಿಬಿಲಿಗೊಂಡರು. "ದೇವ್ರೆಲ್ಲವ್ವಾ?"

"ಅವ್ರನ್ನೇ ಕೇಳಪ್ಪ," ಎಂದರು ಆಕೆ ಅಕ್ಕಿಯಿಂದ ತಲೆಯೆತ್ತದೆ. "ಎಲ್ಲಿಂದ ತಂದ್ರು, ಎಲ್ಲಿಗೆ ಹೋಯ್ತು, ಎಲ್ಲಾ ಹೇಳ್ತಾರೆ. ದಿನಾ ಹೇಳ್ತಾರೆ."

ಮುದುಕರು ಅವನ ಕಡೆ ತಿರುಗಿದರು. ಅವನು ನನ್ನನ್ನು ನೋಡಿದ. ಪೆನ್ನು ನನ್ನ ಕೈಯಲ್ಲಿತ್ತು.

"ಕಾಲೇಜಿಂದ," ಎಂದ ಅವನು.

"ಕೇಳಿಸ್ಲಿಲ್ಲ," ಎಂದರು ಆಕೆ.

"ಕಾಲೇಜಿಂದ ತಂದಿದ್ದೆ. ಅವರ್ದು ಅವ್ರಿಗೆ ಹೋಯ್ತು."

"ವಿಭಾಗ ತಾನಾಗೇ ಸಾಯ್ತಿತ್ತು ಅಂತ ಹಿಂದೆ ಹೇಳಿದ್ರಿ ಸಾರ್," ಎಂದೆ ನಾನು. "ಅದನ್ನೂ ಸೇರಿಸ್ಲಾ?"

ಅವನು ತಲೆಯಾಡಿಸಿದ. "ಬೇಡ. ಅದು ಹಾಗಲ್ಲ."

ಬರೆದುಕೊಂಡೆ. ಅವನು ಮತ್ತೊಂದು ಚಮಚ ನೀರು ಬಿಟ್ಟ. ಖಾಲಿ ಬಳೆಯೊಳಗೆ ಬಿದ್ದು, ಪೀಠದಿಂದ ಅದು ತಟ್ಟೆಗೆ ಹರಿಯಿತು.

"ಇನ್ನೂ ಐತೆ ನೀರು," ಎಂದರು ಆಕೆ.